ಸ್ಮರಣ ಸಂಚಿಕೆ ಸಾಕು, ಲಿನೋ ಹಾಳೆ ಬೇಕು

ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಕ್ಕೆ ಇಳಿದು ಖೇತವಾಡಿಯತ್ತ ನಡೆದರೆ ಹಳೆಯ ಸ್ಯಾಂಡ್‌ಹರ್ಸ್ಟ್ ರಸ್ತೆ ಸಿಗುತ್ತದೆ. 1940ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿ ಆ ರಸ್ತೆಯ ರಾಜಭುವನದಲ್ಲಿತ್ತು. ಬಂಗಾಳದ ಕಲಾವಿದ ಚಿತ್ತಪ್ರಸಾದರು ಪಕ್ಷದ ಪತ್ರಿಕೆಗಳಿಗಾಗಿ ಚಿತ್ರ ಬರೆದದ್ದು, ಲಿನೋಲಿಯಂ ಕೆತ್ತಿ ಅಚ್ಚು ತೆಗೆದದ್ದು ಈ ಬಳಗದ ನಡುವೆ. 1943ರ ಬಂಗಾಳದ ಬರವನ್ನು ಕುರಿತ ಅವರ ‘ಹಂಗ್ರಿ ಬೆಂಗಾಲ್’ ಪುಸ್ತಿಕೆಯನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡು ಸುಟ್ಟಿತು. ಮುಂದೆ ಅಂಧೇರಿಯಲ್ಲಿ ನೆಲೆಸಿದ ಅವರು ಬಡ ಮಕ್ಕಳಿಗಾಗಿ ಬೊಂಬೆಯಾಟವನ್ನೂ ಕಟ್ಟಿದರು. ಅವರ ಪಕ್ಷವನ್ನು ನಾವು ಒಪ್ಪಬೇಕಾಗಿಲ್ಲ. ಓದು ಬಾರದವನಿಗೂ ಅಚ್ಚಿನ ಚಿತ್ರ ತಲುಪಬೇಕೆಂಬ ಅವರ ಹಟವನ್ನಾದರೂ ಒಪ್ಪಬಹುದು.

ಇದರಲ್ಲಿ ಕನ್ನಡಿಗರಿಗೇನು ಎನ್ನುವವರಿಗೆ ಇನ್ನೊಂದು ನೆನಪು. 1840ರ ದಶಕದ ಆರಂಭದಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ ಮಂಗಳೂರಿಗೆ ಕಲ್ಲಚ್ಚಿನ ಯಂತ್ರವನ್ನು ಒಯ್ದದ್ದು ಇದೇ ಮುಂಬಯಿಯಿಂದ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಹೊರಬಂತು. ಕಲ್ಲಚ್ಚಿಗೆ ಸೀಸದ ಮೊಳೆಗಳು ಬೇಡ, ಕೈಬರಹ ಸಾಕು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಬಡವನಿಗೂ ಎಟಕುವ ತಂತ್ರದಿಂದ.

ಅಂಥ ಊರಿನಲ್ಲಿ ನಾವು ಮಾಡುತ್ತಿರುವುದೇನು? ನುಣುಪು ಕಾಗದದ ಸ್ಮರಣ ಸಂಚಿಕೆ, ಶಾಲು, ಫಲಕ. ಸಂಚಿಕೆಯ ತುಂಬ ಜಾಹೀರಾತು ಮತ್ತು ಅಧ್ಯಕ್ಷರ ಭಾವಚಿತ್ರ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ನಮ್ಮ ಮಕ್ಕಳಿಗೆ ಅದರ ಒಂದು ಪುಟವೂ ಓದಲು ಬಾರದು. ಭಾನುವಾರದ ತರಗತಿಗೆ ಬಂದ ಮಗುವಿಗೆ ನಾವು ಕೊಡುವುದು ನಕಲು ಪ್ರತಿಯ ಚುಕ್ಕೆ ಅಕ್ಷರ. ತಿದ್ದು, ಮರೆ, ಮತ್ತೆ ತಿದ್ದು.

ಅದರ ಬದಲು ಅಂಗೈಯಗಲದ ಲಿನೋ ತುಂಡೊಂದನ್ನು ಕೊಟ್ಟು ನೋಡೋಣ. ತೆಳು ಹಾಳೆಯಲ್ಲಿ ಪೆನ್ಸಿಲಿನಿಂದ ಅಕ್ಷರ ಬರೆದು, ಹಾಳೆಯನ್ನು ಮಗುಚಿ ಉಜ್ಜಿದರೆ ಲಿನೋ ಮೇಲೆ ಕನ್ನಡಿಯ ಅಕ್ಷರ ಮೂಡುತ್ತದೆ. ಮರಕ್ಕಿರುವ ಎಳೆ ಲಿನೋಗಿಲ್ಲ. ಆದ್ದರಿಂದ ಕನ್ನಡದ ದುಂಡುಗಳಲ್ಲಿ ಉಳಿ ಸರಾಗವಾಗಿ ತಿರುಗುತ್ತದೆ. ದ, ಧ, ಥ ಕೆತ್ತುವ ಮಗು ಸೀಳು ಎಲ್ಲಿ, ಚುಕ್ಕೆ ಎಲ್ಲಿ ಎಂದು ಕೇಳಿಯೇ ಮುಂದುವರಿಯಬೇಕು, ಏಕೆಂದರೆ ಹಾರಿಹೋದ ಚುಕ್ಕೆ ಮರಳಿ ಬಾರದು. ಮಸಿ ಸವರಿ, ಕಾಗದವಿಟ್ಟು, ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಸಿದ್ಧ, ಯಂತ್ರವೇ ಬೇಡ. ಉಳಿ ಹಿಡಿಯಲಾಗದ ಎಳೆಯರಿಗೆ ರಟ್ಟು ಕತ್ತರಿಸಿ ಅಂಟಿಸಿದರೂ ಅಚ್ಚಾಗುತ್ತದೆ. ಬೆಂಡೆಕಾಯಿಯೂ ಆದೀತು!

‘ಇರುವುದೇ ವಾರಕ್ಕೆ ಒಂದು ಗಂಟೆ, ಅದರಲ್ಲಿ ಈ ಆಟವೇ?’ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಒಂದು ಗಂಟೆಯಲ್ಲಿ ಎರಡೇ ಅಕ್ಷರ ಆಗುವುದೂ ನಿಜ. ಆದರೆ ಐವತ್ತು ಅಕ್ಷರ ತಿದ್ದಿಸಿದ ನಮ್ಮ ತರಗತಿಗಳಿಂದ ಅಂಗಡಿಯ ಕನ್ನಡ ಫಲಕ ಓದುವ ಎಷ್ಟು ಮಕ್ಕಳು ಹೊರಬಂದರು? ಲೆಕ್ಕ ಕೊಡಬೇಕಾದವರು ನಾವೇ.

ಬರುವ ರಾಜ್ಯೋತ್ಸವದ ಆಮಂತ್ರಣವನ್ನು ಮಕ್ಕಳ ಕೈಯಿಂದಲೇ ಅಚ್ಚು ಹಾಕಿಸಲು ಯಾವ ಸಂಘ ಮುಂದೆ ಬರುತ್ತದೆ? ಅದರಲ್ಲಿ ಒಂದು ‘ಕ’ ಹಿಂದುಮುಂದಾಗಿ ಬಿದ್ದಿದ್ದರೆ, ತಿದ್ದದೆ ಹಾಗೆಯೇ ಅಂಚೆಗೆ ಹಾಕೋಣ.