ಬಟವಾಡೆ ಇಲ್ಲದ ಮುಖಂಡರು

ಆಫ್ರಿಕದ ಹಳ್ಳಿಯ ಮುಖಂಡನೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವುದು ಸಿನಿಮಾದವರು ತೋರಿಸಿದ ಚಿತ್ರ: ಚಿರತೆಯ ಚರ್ಮ ಹೊದ್ದ ದೊರೆ, ಅವನ ಸುತ್ತ ಈಟಿ ಹಿಡಿದ ಆಳುಗಳು. ಅದು ಹಾಗಿರಲಿ. ನಾವು ಹೇಳಹೊರಟಿರುವುದು ಬೇರೆಯವರ ಮಾತು. ಕೀನ್ಯಾದಲ್ಲಿ, ಟಾಂಜಾನಿಯಾದಲ್ಲಿ, ಇಥಿಯೋಪಿಯಾದಲ್ಲಿ ಹಳ್ಳಿಯ ದಿನನಿತ್ಯದ ಭಾರ ಹೊತ್ತವರು ದೊರೆಗಳಲ್ಲ. ತುಂಡು ಹೊಲದಲ್ಲಿ ಮೆಕ್ಕೆಜೋಳ ಬೆಳೆಯುವ ರೈತರು, ಸಂತೆಯಲ್ಲಿ ಟೊಮೆಟೊ ಗುಡ್ಡೆ ಹಾಕಿ ಮಾರುವ ಹೆಂಗಸರು. ಊರು ಅವರನ್ನು ಮುಖಂಡರೆಂದು ಕರೆಯುತ್ತದೆ, ಸರಕಾರ ಸ್ವಯಂಸೇವಕರೆಂದು ಕರೆಯುತ್ತದೆ. ಹೆಸರು ಎರಡು ಸಿಕ್ಕಿತು, ಪಗಾರ ಒಂದೂ ಸಿಕ್ಕಲಿಲ್ಲ.

ಕೀನ್ಯಾದ ವ್ಯವಸ್ಥೆಯನ್ನೇ ನೋಡಿ. ಅಲ್ಲಿ ಚೀಫ್ ಎಂಬ ಅಧಿಕಾರಿ ಉಂಟು, ಅವನ ಕೈಕೆಳಗೆ ಸಹಾಯಕ ಚೀಫ್ ಉಂಟು. ಇಬ್ಬರೂ ಸರಕಾರಿ ನೌಕರರು, ಇಬ್ಬರಿಗೂ ಸಂಬಳ. ಅವರಿಗೂ ಕೆಳಗೆ ಹಳ್ಳಿಯ ಹಿರಿಯ. ಬದುವಿನ ಜಗಳ, ಕಳೆದ ಆಡು, ಗಂಡಹೆಂಡಿರ ಮುನಿಸು, ಸತ್ತವನ ಮನೆಯ ಏರ್ಪಾಡು, ಚೀಫನ ಬರಾಜಾಕ್ಕೆ, ಅಂದರೆ ಬಹಿರಂಗ ಸಭೆಗೆ, ಜನ ಸೇರಿಸುವುದು, ಎಲ್ಲವೂ ಅವನ ತಲೆಗೆ. ಸಂಬಳದ ಏಣಿ ಮಾತ್ರ ಅವನಿಗಿಂತ ಒಂದು ಮೆಟ್ಟಿಲು ಮೇಲೆಯೇ ನಿಂತುಬಿಡುತ್ತದೆ. 2013ರಲ್ಲಿ ನೈರೋಬಿಯ ವೆಸ್ಟ್‌ಗೇಟ್ ಮಳಿಗೆಯ ಮೇಲೆ ಭಯೋತ್ಪಾದಕರ ದಾಳಿಯಾದ ಮೇಲೆ ಸರಕಾರ ‘ನ್ಯುಂಬಾ ಕುಮಿ’ ಎಂಬ ಏರ್ಪಾಡು ತಂದಿತು. ಸ್ವಾಹಿಲಿ ಭಾಷೆಯಲ್ಲಿ ಹಾಗೆಂದರೆ ಹತ್ತು ಮನೆ. ಹತ್ತು ಮನೆಗೆ ಒಬ್ಬ ಮುಖಂಡ, ಯಾರು ಬಂದರು ಯಾರು ಹೋದರು ಎಂದು ಕಣ್ಣಿಡುವುದು ಅವನ ಕೆಲಸ. ಟಾಂಜಾನಿಯಾದಲ್ಲಿ ನೈರೇರೆಯವರ ಪಕ್ಷ 1960ರ ದಶಕದಲ್ಲೇ ಇಂಥ ಹತ್ತು ಮನೆಯ ಮುಖಂಡರನ್ನು ಊರೂರಿಗೆ ನಿಲ್ಲಿಸಿತ್ತು. ಕೀನ್ಯಾ ಅಲ್ಲಿಂದ ಕಲಿತದ್ದು. ಬಿಟ್ಟಿಯಾಗಿ ಮಾಡಿಸಿಕೊಳ್ಳುವ ಪಾಠವನ್ನೂ ಕಲಿತಿತು.

ಇನ್ನು ಆರೋಗ್ಯದ ಸ್ವಯಂಸೇವಕರು. ಈ ಮಾತನ್ನು ಗಿರಣಿಯ ಬಂಧುಗಳು ಗಮನವಿಟ್ಟು ಓದಬೇಕು. 2006ರಲ್ಲಿ ಕೀನ್ಯಾ ಸರಕಾರ ಹಾಕಿದ ಯೋಜನೆಯಂತೆ ಒಬ್ಬ ಸ್ವಯಂಸೇವಕಿಗೆ 20 ಮನೆ. ಮನೆಮನೆಗೆ ಹೋಗಿ ಬಸುರಿಯರನ್ನು ಗುರುತಿಸುವುದು, ಕೂಸುಗಳಿಗೆ ಲಸಿಕೆ ಬಿತ್ತೇ ಎಂದು ನೋಡುವುದು, ಸೊಳ್ಳೆ ಪರದೆ, ಕಕ್ಕಸು, ಕುಡಿಯುವ ನೀರು ವಿಚಾರಿಸುವುದು, ಕ್ಷಯದವರು ಗುಳಿಗೆ ಬಿಡದಂತೆ ಕಾಯುವುದು, ಇದೆಲ್ಲವನ್ನೂ ಪುಸ್ತಕದಲ್ಲಿ ಬರೆದು ಒಪ್ಪಿಸುವುದು. 2014ರಲ್ಲಿ ಯೋಜನೆಯನ್ನು ತಿದ್ದಿದರು. ತಿದ್ದಿ ಒಬ್ಬಳಿಗೆ ಸುಮಾರು 100 ಮನೆ ಮಾಡಿದರು! ಎರಡು ಮಗ್ಗ ನೋಡುವ ನೇಕಾರನಿಗೆ ಒಂದು ಬೆಳಗ್ಗೆ ಹತ್ತು ಮಗ್ಗ ಒಪ್ಪಿಸಿದರೆ ಗಿರಣಿಯಲ್ಲಿ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಆದರೆ ಮಗ್ಗ ಹೆಚ್ಚಿಸುವ ಮಾಲಿಕನೂ ಬಟವಾಡೆ ದಿನ ಏನಾದರೂ ಎಣಿಸಿಕೊಡುತ್ತಾನೆ. ಇಲ್ಲಿ ಕೆಲವು ಕೌಂಟಿಗಳು ಕೈಗಿಷ್ಟು ಹಾಕಿದವು, ಹಲವು ಅದನ್ನೂ ಹಾಕಲಿಲ್ಲ.

ಕೈಯಿಂದ ಹೋಗುವ ಖರ್ಚೋ, ಅದಕ್ಕೆ ಲೆಕ್ಕವೇ ಇಲ್ಲ. ಅಪರಾತ್ರಿಯಲ್ಲಿ ಬೇನೆ ತಿನ್ನುವ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಲು ಬೋಡಾಬೋಡಾ ಎಂಬ ಬಾಡಿಗೆ ಮೋಟಾರುಸೈಕಲ್ಲು ಕರೆಸಬೇಕು. ಆ ಮನೆಯಲ್ಲಿ ದುಡ್ಡಿಲ್ಲದಿದ್ದರೆ ಬಾಡಿಗೆ ಯಾರದು? ಕರೆಸಿದವಳದು. ಫೋನಿಗೆ ಹಾಕಿಸುವ ದುಡ್ಡೂ ಅವಳದೇ. ಮಳೆ ಬಿದ್ದು ನೆಲ ಹದವಾದಾಗಲೇ ತರಬೇತಿಗೆ ಬಾ ಎಂದು ಕರೆ ಬರುತ್ತದೆ, ಬಿತ್ತನೆ ಕಾಯುವುದಿಲ್ಲ. ಸಣ್ಣ ಅಂಗಡಿ ನಡೆಸುವ ಬಂಧುಗಳೇ, ವಾರಕ್ಕೆ ಎರಡು ದಿನ ಅಂಗಡಿ ಬಾಗಿಲು ಹಾಕಿ ಊರ ಕೆಲಸಕ್ಕೆ ಹೋದರೆ ಉದ್ರಿ ಪುಸ್ತಕದ ಗತಿ ಏನು? ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ, ಹೋದವನು ತಿರುಗಿ ಬರುವುದಿಲ್ಲ. ಆಕೆಯ ಟೊಮೆಟೊ ಗುಡ್ಡೆಗೂ ಅದೇ ಗತಿ.

ಇನ್ನೊಂದು ದೊಡ್ಡ ಉದಾಹರಣೆ. ನದಿಯ ದಂಡೆಯ ಕಪ್ಪು ನೊಣ ಕಚ್ಚಿ ಹರಡುವ ರೋಗದಿಂದ ಆಫ್ರಿಕದಲ್ಲಿ ಲಕ್ಷಾಂತರ ಜನ ಕಣ್ಣು ಕಳೆದುಕೊಂಡರು. 1987ರಲ್ಲಿ ಮರ್ಕ್ ಎಂಬ ಅಮೆರಿಕದ ಔಷಧಿ ಕಂಪನಿ ಇದರ ಮದ್ದನ್ನು ಬೇಕಾದಷ್ಟು ದಿನ, ಬೇಕಾದಷ್ಟು ಪುಕ್ಕಟೆಯಾಗಿ ಕೊಡುವೆನೆಂದು ಸಾರಿತು. ಒಳ್ಳೆಯ ಕೆಲಸ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗುಳಿಗೆಗೆ ಕಾಲಿಲ್ಲ. 1995ರಿಂದ 2015ರವರೆಗೆ ನಡೆದ ದೊಡ್ಡ ಕಾರ್ಯಕ್ರಮದಲ್ಲಿ ಆ ಗುಳಿಗೆಯನ್ನು ಕಾಡು ದಾಟಿಸಿ ಗುಡಿಸಲಿಗೆ ಮುಟ್ಟಿಸಿದವರು ಆಯಾ ಊರವರೇ ಆರಿಸಿದ ಸ್ವಯಂಸೇವಕರು. ತೂಕದ ಯಂತ್ರವಿಲ್ಲದ ಕಡೆ ಗುರುತು ಹಾಕಿದ ಕೋಲನ್ನು ಪಕ್ಕಕ್ಕೆ ನಿಲ್ಲಿಸಿ ಆಳಿನ ಎತ್ತರ ನೋಡಿ ಎಷ್ಟು ಗುಳಿಗೆಯೆಂದು ತೀರ್ಮಾನಿಸಿದರು. ವಾಷಿಂಗ್ಟನ್ನಿನ ವಿಶ್ವ ಬ್ಯಾಂಕಿನ ಕಟ್ಟಡದಲ್ಲಿ ಈ ರೋಗದ ನೆನಪಿಗೆ ಒಂದು ಪ್ರತಿಮೆ ಇದೆ: ಕುರುಡನನ್ನು ಕೋಲಿನಿಂದ ನಡೆಸಿಕೊಂಡು ಹೋಗುವ ಹುಡುಗ. ಗುಳಿಗೆಯ ಕೋಲು ಹಿಡಿದು ಮನೆಮನೆ ಅಲೆದವನಿಗೆ ಪ್ರತಿಮೆಯೂ ಬೇಡ, ಒಂದು ದಿನದ ಕೂಲಿಯನ್ನಾದರೂ ಕೊಡಬಹುದಿತ್ತು.

‘ದುಡ್ಡು ಕೊಟ್ಟರೆ ಸೇವಾಭಾವ ಕೆಡುತ್ತದೆ’ ಎನ್ನುವ ಮಹನೀಯರಿದ್ದಾರೆ. ಇವರು ಹೆಚ್ಚಾಗಿ ರಾಜಧಾನಿಯ ಹೋಟೆಲುಗಳಲ್ಲಿ ಭತ್ಯೆ ಪಡೆದು ಸಮ್ಮೇಳನ ನಡೆಸುವವರು. ವೈದ್ಯನಿಗೆ ಸಂಬಳ ಕೊಟ್ಟರೆ ಅವನ ಸೇವಾಭಾವ ಕೆಡುವುದಿಲ್ಲ. ಯೋಜನೆಯ ನಿರ್ದೇಶಕನಿಗೆ ಮೋಟಾರು ಗಾಡಿ ಕೊಟ್ಟರೆ ಕೆಡುವುದಿಲ್ಲ. ಕಾಲ್ನಡಿಗೆಯ ಹೆಂಗಸಿಗೆ ನಾಲ್ಕು ಕಾಸು ಕೊಟ್ಟೊಡನೆ ಕೆಟ್ಟುಹೋಗುತ್ತದೆಯಂತೆ! ಆಕೆಯಲ್ಲಿ ಸೇವಾಭಾವ ಇಲ್ಲವೆಂದು ನಾವು ಹೇಳುತ್ತಿಲ್ಲ. ಧಾರಾಳವಾಗಿ ಇದೆ, ಊರ ಮಾನವೂ ಆಕೆಗೆ ಬೇಕು. ಅದು ಇದೆಯೆಂದು ತಿಳಿದೇ ಇವರು ಅದನ್ನು ಹಿಂಡುತ್ತಿದ್ದಾರೆ ಎಂಬುದೇ ನಮ್ಮ ಆಕ್ಷೇಪಣೆ.

ಇಥಿಯೋಪಿಯಾದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಸಂಬಳದ ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ಅವರ ಕೆಳಗೆ 2010ರ ಸುಮಾರಿಗೆ ‘ಮಹಿಳಾ ಅಭಿವೃದ್ಧಿ ಸೇನೆ’ ಕಟ್ಟಿದರು, ಐದು ಮನೆಗೆ ಒಬ್ಬಳು ಮುಖಂಡೆ. ಸೇನೆಯೆಂಬ ಹೆಸರುಂಟು, ಸಿಪಾಯಿಯ ಸಂಬಳವಿಲ್ಲ. ಗ್ರಾಮಾಂತರದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಸ್ವಯಂಸೇವಕಿಯರು ತಮ್ಮ ನೆರೆಹೊರೆಯವರಿಗಿಂತ ಹೆಚ್ಚು ಕೊರತೆಯಲ್ಲಿದ್ದಾರೆ, ಹೆಚ್ಚು ಮನೋವ್ಯಥೆಯಲ್ಲಿದ್ದಾರೆ ಎಂದು ಕಂಡಿತು. ಊರಿಗೆ ಮಾದರಿಯೆಂದು ನಿಲ್ಲಿಸಿದವಳ ಮನೆಯಲ್ಲಿ ಈ ಸ್ಥಿತಿ.

ಈ ಬಿಟ್ಟಿ ಆಫ್ರಿಕದ ಪದ್ಧತಿ, ಅಲ್ಲಿಯವರಿಗೆ ರೂಢಿ ಎನ್ನುವವರೂ ಉಂಟು. ನೆರೆಯವರಿಗೆ ನೆರೆಯವರು ಮೈಯಾಳಾಗುವ ರೂಢಿ ಅಲ್ಲಿಯೂ ಇದೆ, ನಮ್ಮಲ್ಲಿ ಮುಯ್ಯಾಳು ಇದ್ದಂತೆ. ಆದರೆ ಮೇಲಿನಿಂದ ಹೇರಿದ ಬಿಟ್ಟಿಯನ್ನು ಆ ಜನ ಎಂದೂ ತಲೆಬಾಗಿ ಒಪ್ಪಿದವರಲ್ಲ. 1922ರ ಮಾರ್ಚಿಯಲ್ಲಿ ಹ್ಯಾರಿ ಥುಕು ಎಂಬ ತರುಣನನ್ನು ಬ್ರಿಟಿಷರು ನೈರೋಬಿಯಲ್ಲಿ ಹಿಡಿದು ಹಾಕಿದರು. ಅವನು ಎತ್ತಿದ ದೂರುಗಳಲ್ಲಿ ಮುಖ್ಯವಾದೊಂದು, ಹೆಂಗಸರನ್ನೂ ಹುಡುಗಿಯರನ್ನೂ ಬಲವಂತದ ದುಡಿಮೆಗೆ ಹಚ್ಚುವುದು. ಅವನ ಬಿಡುಗಡೆಗೆ ಜನ ಸೇರಿದರು. ಗಂಡಸರು ಹಿಂಜರಿದಾಗ ಅವರನ್ನು ಮೂದಲಿಸಿ ಮುನ್ನುಗ್ಗಿದವಳು ಮೇರಿ ಮುಥೋನಿ ನ್ಯಾಂಜಿರು. ಪೋಲೀಸರ ಗುಂಡಿಗೆ ಆಕೆಯೂ ಇಪ್ಪತ್ತಕ್ಕೂ ಹೆಚ್ಚು ಜನರೂ ಬಲಿಯಾದರು. 1948ರಲ್ಲಿ, ಆಗ ಫೋರ್ಟ್ ಹಾಲ್ ಎನ್ನುತ್ತಿದ್ದ ಮುರಂಗಾ ಜಿಲ್ಲೆಯಲ್ಲಿ, ಗುಡ್ಡದ ಹೊಲಗಳಿಗೆ ಬದು ಹಾಕುವ ಕಡ್ಡಾಯ ದುಡಿಮೆಗೆ ಬರುವುದಿಲ್ಲವೆಂದು ಹೆಂಗಸರು ಗುಂಪುಗುಂಪಾಗಿ ಹೋಗಿ ಸಾಹೇಬನಿಗೆ ಹೇಳಿಬಂದರು. ಬದು ಬೇಕಾದದ್ದೇ, ಮಣ್ಣು ಉಳಿಯಬೇಕಾದದ್ದೇ. ಆದರೆ ಅದನ್ನು ಬಿಟ್ಟಿಯಾಗಿ ಹಾಕಿಸುವ ಅಧಿಕಾರ ನಿನಗೆ ಯಾರು ಕೊಟ್ಟರು ಎಂಬುದು ಆ ಹೆಂಗಸರ ಪ್ರಶ್ನೆ. ಸಾಹೇಬ ಹೋದ; ಪ್ರಶ್ನೆ ಉಳಿದಿದೆ.

ದೂರದ ಆಫ್ರಿಕದ ಪುರಾಣ ನಮಗೇಕೆ ಎಂದು ಕೇಳುವವರು ತಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಒಮ್ಮೆ ಮಾತಾಡಿಸಲಿ. 2005ರಲ್ಲಿ ಶುರುವಾದಾಗ ಆಕೆಗೂ ಕೊಟ್ಟ ಹೆಸರು ಸ್ವಯಂಸೇವಕಿ, ಸಂಬಳವಲ್ಲ, ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಹಿಡಿದು ಕಿರಾಣಿ ಅಂಗಡಿಗೆ ಹೋದರೆ ಅಕ್ಕಿ ಅಳೆಯುವುದಿಲ್ಲವಾದ್ದರಿಂದ 2025ರ ಜನವರಿಯಲ್ಲಿ ಈ ತಾಯಂದಿರು ಬೆಂಗಳೂರಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆಯಬೇಕಾಯಿತು.

2018ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ, ಇಂಥ ಹಳ್ಳಿಯ ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ಹಣ ಕೊಡಿರೆಂದು ಸರಕಾರಗಳಿಗೆ ಬರೆದು ಹೇಳಿತು. 2023ರಲ್ಲಿ ಕೀನ್ಯಾದ ಅಧ್ಯಕ್ಷ ರೂಟೋ ಸುಮಾರು ಒಂದು ಲಕ್ಷ ಜನರಿಗೆ ರಕ್ತದೊತ್ತಡ ಅಳೆಯುವ ಯಂತ್ರ, ತಕ್ಕಡಿ, ಮೊಬೈಲು ಫೋನು ಇರುವ ಚೀಲ ಹೊರಿಸಿದರು. ಸ್ವಯಂಸೇವಕರೆಂಬ ಹೆಸರು ತೆಗೆದು ಆರೋಗ್ಯ ಪ್ರವರ್ತಕರೆಂದು ಕರೆದರು. ತಿಂಗಳಿಗೆ 5,000 ಶಿಲ್ಲಿಂಗ್, ಆಗಿನ ದರದಲ್ಲಿ ಮೂರು ಸಾವಿರ ರೂಪಾಯಿಗೂ ಕಡಿಮೆ. ಅರ್ಧ ಕೇಂದ್ರ ಸರಕಾರದ್ದು, ಅರ್ಧ ಕೌಂಟಿಯದು. ಎರಡು ಜೇಬಿನಿಂದ ಬರುವ ಪಗಾರ ಹೇಗೆ ಬರುತ್ತದೆಂದು ಅನುಭವಸ್ಥರಿಗೆ ಗೊತ್ತು: ಒಬ್ಬ ಕೊಟ್ಟರೆ ಇನ್ನೊಬ್ಬ ನಾಳೆ ಎನ್ನುತ್ತಾನೆ. ಆದರೂ ಇದು ಗೆಲುವೇ. ಬಿಟ್ಟಿ ದುಡಿಮೆಗೆ ಬೆಲೆಯುಂಟೆಂದು ಸರಕಾರ ಕಾಗದದ ಮೇಲೆ ಒಪ್ಪಿಕೊಂಡಿತು. ಇನ್ನು ಆ 5,000ವನ್ನು ಭತ್ಯೆಯಿಂದ ಪಗಾರವನ್ನಾಗಿ ಮಾಡಿಸುವುದು, ಹಾಜರಿ ಪುಸ್ತಕದಲ್ಲಿ ಹೆಸರು ಬರೆಸುವುದು, ಅಪಘಾತಕ್ಕೂ ಮುಪ್ಪಿಗೂ ಏರ್ಪಾಡು ಕೇಳುವುದು ಬಾಕಿ ಇದೆ. 2023ರ ಆ ಪಟ್ಟಿಯಲ್ಲಿ ಹಳ್ಳಿಯ ಹಿರಿಯನ ಹೆಸರಿರಲಿಲ್ಲ, ಹತ್ತು ಮನೆಯ ಮುಖಂಡನ ಹೆಸರೂ ಇರಲಿಲ್ಲ.