ಬೆವರು ನಮ್ಮದು, ಮಾತು ಪರರದ್ದೇ?

ಕನ್ನಡದ ಹುಡುಗ ಹುಡುಗಿಯರೇ,

ಜಿಮ್ಮಿನ ಗೋಡೆಯಲ್ಲಿ, ನಿಮ್ಮ ಅಂಗಿಯ ಎದೆಯ ಮೇಲೆ, ಅಚ್ಚಿಗೆಂದು ನನ್ನ ಪ್ರೆಸ್ಸಿಗೆ ಬರುವ ಕರಪತ್ರದಲ್ಲೂ ಒಂದೇ ಜಪ: ‘ನೋ ಪೇನ್, ನೋ ಗೇನ್!’ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದರೆ ನಾಲಿಗೆ ಸವೆಯುತ್ತದೆಯೇ?

ನಮ್ಮ ಗಾದೆಗಳನ್ನು ಜಾಹೀರಾತು ಕಂಪನಿ ಹೊಸೆದದ್ದಲ್ಲ. ತೀರ್ಥಹಳ್ಳಿಯ ಜಡಿಮಳೆಯಲ್ಲಿ ಗೊರಬು ಹೊದ್ದು ನಾಟಿ ಮಾಡಿದ ಹೆಂಗಸರಿಗೆ ಗೊತ್ತು, ‘ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು’ ಎಂದರೇನೆಂದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಗೇಣಿದಾರರು ಒಡೆಯರ ದೊಡ್ಡ ಕೊಳಗದ ವಿರುದ್ಧ ಎದ್ದು ಜೈಲಿಗೆ ಹೋದರು. ಅವರು ಟೊಂಕ ಕಟ್ಟಿದ್ದು ಕನ್ನಡದಲ್ಲಿ! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾಗರ, ಹೊಸನಗರದ ಎಷ್ಟೋ ಊರುಗಳು ಮುಳುಗಿದವು. ನಾಡಿಗೆ ಬೆಳಕು ಬಂತು, ಅವರು ಮನೆಮಠ ಕಳೆದುಕೊಂಡರು. ‘ಮನೆಮಠ’ ಎಂಬ ಆ ಒಂದು ಮಾತಿನ ಸಂಕಟವನ್ನು ಯಾವ ಇಂಗ್ಲಿಷು ಹೇಳೀತು?

ಇಂಗ್ಲಿಷ್ ಕಲಿಯಿರಿ, ಬೇಡವೆಂದವರಾರು? ಹೊಟ್ಟೆಪಾಡಿಗೆ ಬೇಕು. ಆದರೆ ಕಷ್ಟ ಬಂದಾಗ ಬಾಯಿಗೆ ಬರುವ ಮಾತನ್ನೂ ಬಾಡಿಗೆಗೆ ತಂದರೆ, ದುಡಿದವರ ನೆನಪೇ ಅಳಿಸಿಹೋಗುತ್ತದೆ. ಎಚ್ಚರ! ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ ಹತ್ತು ಗಾದೆ ಬರೆದುಕೊಳ್ಳಿ. ಮುಂದಿನ ರಾಜ್ಯೋತ್ಸವದ ಬ್ಯಾನರಿನಲ್ಲಿ, ನಿಮ್ಮ ಅಂಗಿಯ ಮೇಲೆ ಅವೇ ಮೆರೆಯಲಿ!