ಸುಪ್ತ ವೈರಾಣುವೂ ಸರಕಾರದ ಹೊಣೆಯೂ

ಎಚ್‌ಐವಿ ಸೋಂಕಿತರೊಬ್ಬರ ರಕ್ತಪರೀಕ್ಷೆಯಲ್ಲಿ ವೈರಾಣು ಗೋಚರಿಸಲಿಲ್ಲವೆಂಬುದು ನಿಸ್ಸಂದೇಹವಾಗಿ ಶುಭವಾರ್ತೆಯೇ. ಆ ಸ್ಥಿತಿಯನ್ನು ಔಷಧದಿಂದ ಕಾಯ್ದುಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ತಗಲದೆಂಬುದೂ ಈಗ ದೃಢಪಟ್ಟ ಸಂಗತಿ. ಆದರೆ ಗೋಚರಿಸದುದನ್ನು ಇಲ್ಲವೆಂದೇ ಬಗೆದು ಗುಳಿಗೆ ಬಿಡುವವರುಂಟು. ಅದೇ ವರದಿಯನ್ನು ಮುಂದಿಟ್ಟುಕೊಂಡು, ರೋಗವನ್ನು ಬೇರುಸಹಿತ ಕಿತ್ತೆವೆಂದು ಹಣ ಸುಲಿಯುವ ಕಪಟವೈದ್ಯರೂ ಉಂಟು. ವೈರಾಣುವಿನ ಅಡಗುದಾಣವನ್ನು ಅರಿತವರಿಗೆ ಈ ಎರಡು ಅನರ್ಥಗಳ ಜೊತೆಗೆ ಮೂರನೆಯದೊಂದೂ ಕಾಣದಿರದು.

ರೋಗನಿರೋಧಕ ಕಾರ್ಯವನ್ನು ನಿಯಂತ್ರಿಸುವ ಸಿಡಿ4 ಬಿಳಿ ರಕ್ತಕಣಗಳನ್ನು ಹೊಕ್ಕ ಈ ವೈರಾಣು, ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಮಾರ್ಪಡಿಸಿ ಆ ಕಣದ ವರ್ಣತಂತುವಿನಲ್ಲಿಯೇ ಬೆಸೆದುಬಿಡುತ್ತದೆ. ಹೀಗೆ ಆಕ್ರಮಿಸಲ್ಪಟ್ಟ ಕಣಗಳಲ್ಲಿ ಬಹುಪಾಲು ಒಂದೆರಡು ದಿನಗಳಲ್ಲಿ ನಾಶವಾದರೂ, ಹಿಂದೆ ಬಂದ ರೋಗವನ್ನು ವರ್ಷಾನುವರ್ಷ ನೆನಪಿಡುವುದಕ್ಕಾಗಿಯೇ ದೀರ್ಘಾಯುವಾಗಿರುವ ಸ್ಮೃತಿಕಣಗಳಲ್ಲಿ ಕೆಲವು, ವೈರಾಣುವಿನ ವಂಶವಾಹಿಗಳನ್ನು ಒಡಲಲ್ಲಿ ಹೊತ್ತೇ ವಿಶ್ರಾಂತಿಗೆ ಮರಳುತ್ತವೆ. ಆಗ ವೈರಾಣು ಬೂದಿ ಮುಚ್ಚಿದ ಕೆಂಡ: ಅದು ಯಾವ ಪ್ರೋಟೀನನ್ನೂ ಉತ್ಪಾದಿಸದುದರಿಂದ ದೇಹದ ಕಾವಲಿಗೆ ಅದರ ಸುಳಿವು ಸಿಗದು, ವೈರಾಣು ಹೊಸ ಕಣಗಳಿಗೆ ಹರಡುವುದನ್ನು ತಡೆಯುವ ಔಷಧಗಳಿಗೆ, ಆಗಲೇ ವರ್ಣತಂತುವಿನಲ್ಲಿ ಸೇರಿಹೋದುದನ್ನು ಅಳಿಸುವ ಶಕ್ತಿಯಿಲ್ಲ.

ಮೂರು ಔಷಧಗಳ ಸಂಯೋಗವು 1996ರಲ್ಲಿ ಯಶಸ್ವಿಯಾದಾಗ, ಎರಡು ಮೂರು ವರ್ಷ ಬಿಡದೆ ಸೇವಿಸಿದರೆ ವೈರಾಣು ನಿರ್ಮೂಲವಾದೀತೆಂಬ ಆಶೆ ವಿಜ್ಞಾನಿಗಳಲ್ಲಿಯೇ ಮೂಡಿತ್ತು. ಮರುವರ್ಷವೇ ಅಮೆರಿಕದ ಮೂರು ತಂಡಗಳು, ಔಷಧದಿಂದ ರಕ್ತ ಸ್ವಚ್ಛವಾಗಿದ್ದವರ ವಿಶ್ರಾಂತ ಕಣಗಳನ್ನು ಪ್ರಯೋಗಶಾಲೆಯಲ್ಲಿ ಎಚ್ಚರಿಸಿದಾಗ, ಜೀವಂತ ವೈರಾಣು ಹೊರಬಂದಿತು. ಹತ್ತು ಲಕ್ಷ ಕಣಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ ಅದು ಅಡಗಿದ್ದರೂ, ಆ ಸಂಗ್ರಹವು ಅರ್ಧಕ್ಕಿಳಿಯಲು ಸರಾಸರಿ 44 ತಿಂಗಳು ಬೇಕೆಂದು ಆ ಮೂರರಲ್ಲೊಂದಾದ ರಾಬರ್ಟ್ ಸಿಲಿಸಿಯಾನೊ ಅವರ ತಂಡ ಲೆಕ್ಕಹಾಕಿತು. ಅಂದರೆ ಪೂರ್ಣ ಬರಿದಾಗಲು 70 ವರ್ಷಕ್ಕೂ ಮಿಗಿಲಾದ ಕಾಲ. ಅಷ್ಟೇ ಅಲ್ಲದೆ, ಸೋಂಕುಳ್ಳ ಕಣವು ವಿಭಜನೆ ಹೊಂದಿದಾಗ ವೈರಾಣುವಿನ ಪ್ರತಿಯೂ ಅದರೊಡನೆ ಇಮ್ಮಡಿಯಾಗುತ್ತದೆಂಬುದು ಆಮೇಲೆ ದೃಢಪಟ್ಟಿತು.

ವೈರಾಣು ಹೀಗೆ ಅಡಗಿ ಕೂರುವುದರ ಅತ್ಯಂತ ಮನಕಲಕುವ ನಿದರ್ಶನವೆಂದರೆ 2010ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಸೋಂಕಿನೊಡನೆ ಹುಟ್ಟಿದ ಶಿಶು. ಜನಿಸಿದ 30 ಗಂಟೆಗಳಲ್ಲಿಯೇ ಔಷಧ ಪಡೆದ ಆ ಮಗುವಿಗೆ ಒಂದೂವರೆ ವರ್ಷದ ಹೊತ್ತಿಗೆ ಚಿಕಿತ್ಸೆ ತಪ್ಪಿಹೋದರೂ ರಕ್ತದಲ್ಲಿ ವೈರಾಣು ಕಾಣದಿದ್ದಾಗ, ಗುಣವಾಯಿತೆಂದು 2013ರಲ್ಲಿ ಲೋಕವೆಲ್ಲ ಹರ್ಷಿಸಿತು. ಔಷಧವಿಲ್ಲದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2014ರಲ್ಲಿ, ವೈರಾಣು ಮರಳಿ ಬಂದಿತು. ಬಹುತೇಕರಲ್ಲಾದರೋ ಔಷಧ ನಿಂತ ಕೆಲವೇ ವಾರಗಳಲ್ಲಿ ಮರಳುತ್ತದೆ. ಬರ್ಲಿನ್ನಿನಲ್ಲಿ ಚಿಕಿತ್ಸೆ ಪಡೆದ ಟಿಮತಿ ರೇ ಬ್ರೌನ್ ಅಸ್ಥಿಮಜ್ಜೆಯ ಕಸಿಯಿಂದ ಗುಣಹೊಂದಿದರೆಂಬುದು ನಿಜ. ಆದರೆ ಅದು ರಕ್ತದ ಕ್ಯಾನ್ಸರಿಗಾಗಿ ಮಾಡಿದ ಪ್ರಾಣಾಪಾಯದ ಚಿಕಿತ್ಸೆ, ಸರ್ವರಿಗೂ ಸಲ್ಲುವ ಮಾರ್ಗವಲ್ಲ.

ಆದಕಾರಣ ದಿನಕ್ಕೊಂದು ಗುಳಿಗೆಯೆಂಬುದು ಆಜೀವ ವ್ರತ. ಅದನ್ನು ಪಾಲಿಸುವ ಹೊಣೆ ರೋಗಿಯದಾದರೆ, ಭಂಗವಾಗದಂತೆ ಒದಗಿಸುವ ಹೊಣೆ ಸರಕಾರದ್ದು. ನಮ್ಮ ದೇಶದಲ್ಲಿ 2004ರಿಂದ ಎಚ್‌ಐವಿ ನಿಗ್ರಹದ ಎಆರ್‌ಟಿ ಔಷಧ ಉಚಿತವಾಗಿ ದೊರೆಯುತ್ತಿರುವುದು ಶ್ಲಾಘ್ಯವೇ. ಆದರೆ ಮೂರನೆಯ ಅನರ್ಥ ಇಲ್ಲಿಯೇ: ದಾಸ್ತಾನು ಸಾಲದೆ ತಿಂಗಳ ಗುಳಿಗೆಗೆ ಬದಲಾಗಿ ಕೆಲವೇ ದಿನಗಳದನ್ನು ಕೊಟ್ಟು ಕಳುಹಿಸುತ್ತಿದ್ದಾರೆಂದು ಸೋಂಕಿತರು 2022ರಲ್ಲಿ ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕಚೇರಿಯೆದುರು ವಾರಗಟ್ಟಲೆ ಧರಣಿ ಕುಳಿತುದನ್ನು ಮರೆಯಲಾಗದು. ದಿನಗೂಲಿಯನ್ನು ಬಿಟ್ಟು, ಬಸ್ಸಿನ ಖರ್ಚು ಹೊತ್ತು, ನೆರೆಹೊರೆಯವರಿಗೆ ಸುಳಿವು ಕೊಡದೆ ದೂರದ ಎಆರ್‌ಟಿ ಕೇಂದ್ರಕ್ಕೆ ಬರುವ ಹೆಂಗಸಿಗೆ, ಮುಂದಿನ ವಾರ ಬಾರಮ್ಮ ಎಂಬ ಉತ್ತರವು ಎಷ್ಟೋ ಸಲ ಬರಬೇಡವೆಂಬುದಕ್ಕೆ ಸಮ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಚಿಕಿತ್ಸೆಯನ್ನು ಸರಕಾರಗಳ ಕರ್ತವ್ಯವೆಂದಿದ್ದರೂ, 'ಸಾಧ್ಯವಾದ ಮಟ್ಟಿಗೆ' ಎಂಬ ವಿನಾಯಿತಿಯನ್ನು ಒಳಗಿಟ್ಟುಕೊಂಡಿದೆ. ದಶಕಗಳ ಕಾಲ ಹೊಂಚುಹಾಕಬಲ್ಲ ವೈರಾಣುವಿನೆದುರು ಇಂಥ ಅರೆಮನಸ್ಸಿನ ಮಾತು ಸಲ್ಲದು. ಆ ವಿನಾಯಿತಿಯನ್ನು ತೆಗೆದುಹಾಕಿ, ಪ್ರತಿಯೊಂದು ಕೇಂದ್ರದಲ್ಲಿಯೂ ಕೆಲವು ತಿಂಗಳ ದಾಸ್ತಾನು ಸದಾ ಇರುವಂತೆ ವಿಧಿಸುವುದು ಸಂಸತ್ತು ಮಾಡಲೇಬೇಕಾದ ಕಾರ್ಯ.